ಪ್ರಶ್ನೋತ್ತರ: ಸ್ಟೇಟ್ ಒಂದೇ, ಓದುವ ಕಾಂಪೊನೆಂಟ್‌ಗಳು ಹಲವು

ಆ್ಯಪ್‌ನ ಬೇರೆ ಬೇರೆ ಕಾಂಪೊನೆಂಟ್‌ಗಳು (ಪರದೆಯ ಬಿಡಿ ಭಾಗಗಳು) ಒಂದೇ ಸ್ಟೇಟನ್ನು (ಆ ಕ್ಷಣಕ್ಕೆ ಆ್ಯಪ್ ನೆನಪಿಟ್ಟ ಮಾಹಿತಿಯನ್ನು) ಹಂಚಿಕೊಳ್ಳುವಾಗ ಎದುರಾಗುವ ತೊಂದರೆಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಫ್ರೇಮ್‌ವರ್ಕ್ (ರಿಯಾಕ್ಟ್, ವ್ಯೂ, ಸ್ವೆಲ್ಟ್, ಆ್ಯಂಗ್ಯುಲರ್‌ನಂಥ, ವೆಬ್ ಪರದೆ ಕಟ್ಟುವ ಸಾಧನ) ಯಾವುದೇ ಇರಲಿ, ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳಿ. ಮೌಲ್ಯ ಎಲ್ಲಿ ಕೂತಿದೆ? ಅದು ಬದಲಾದಾಗ ಸುದ್ದಿ ಯಾರ್‍ಯಾರಿಗೆ ತಲುಪುತ್ತದೆ? ಕೆಳಗಿನ ಹೆಚ್ಚಿನ ತೊಂದರೆಗಳು ಈ ಎರಡನ್ನೂ ಒಂದೇ ಎಂದುಕೊಂಡಿದ್ದರಿಂದ ಬಂದವು.

ಪ್ರಶ್ನೆ: ಸರ್, ರಿಯಾಕ್ಟ್ ಆ್ಯಪ್‌ನಲ್ಲಿ ಬೇರೆ ಫೈಲ್ ಮಾಡಿ ಅದರಲ್ಲಿ ಕಾರ್ಟ್ ಎಂಬ ಆಬ್ಜೆಕ್ಟ್ ಇಟ್ಟಿದ್ದೇನೆ. ಹೆಡರ್ ಮತ್ತು ಪ್ರಾಡಕ್ಟ್ ಪುಟ ಎರಡೂ ಅದನ್ನು ಇಂಪೋರ್ಟ್ ಮಾಡಿಕೊಳ್ಳುತ್ತವೆ. ಐಟಂ ಸೇರಿಸಿದರೆ ಕನ್ಸೋಲ್‌ನಲ್ಲಿ ಸಂಖ್ಯೆ ಏರುತ್ತದೆ, ಹೆಡರ್‌ನಲ್ಲಿ ಮಾತ್ರ ಸೊನ್ನೆಯೇ ಉಳಿಯುತ್ತದೆ. ಬೇರೆ ಪುಟಕ್ಕೆ ಹೋಗಿ ಬಂದರೆ ಸರಿಯಾಗುತ್ತದೆ. ಲೈಬ್ರರಿ ಇಲ್ಲದೆ ಸರಿಪಡಿಸಬಹುದೇ?

ಉತ್ತರ: ಖಂಡಿತ. ನಿಮ್ಮ ಮೌಲ್ಯ ಹಂಚಿಕೆಯಾಗಿದೆ, ಅದರಲ್ಲಿ ತಪ್ಪಿಲ್ಲ. ಅದು ಬದಲಾಗಿದೆ ಎಂದು ರಿಯಾಕ್ಟ್‌ಗೆ ಯಾರೂ ಹೇಳಿಲ್ಲ, ಅಷ್ಟೇ. ಸಾಮಾನ್ಯ ಜಾವಾಸ್ಕ್ರಿಪ್ಟ್ ವೇರಿಯಬಲ್ ಬದಲಾದರೆ ರಿಯಾಕ್ಟ್ ಅದನ್ನು ಗಮನಿಸುವುದಿಲ್ಲ. ಪುಟ ಬದಲಿಸಿ ಬಂದಾಗ ಹೆಡರ್ ಬೇರೆ ಕಾರಣಕ್ಕೆ ಮತ್ತೆ ರೆಂಡರ್ ಆಗುತ್ತದೆ (ಪರದೆಗೆ ಹೊಸದಾಗಿ ಸಿದ್ಧವಾಗುತ್ತದೆ), ಆಗ ಹೊಸ ಸಂಖ್ಯೆ ಕಣ್ಣಿಗೆ ಬೀಳುತ್ತದೆ.

ಆ ಫೈಲನ್ನೇ ಸಣ್ಣ ಸ್ಟೋರ್ ಮಾಡಿ. ಅದರಲ್ಲಿ ಎರಡು ವೇರಿಯಬಲ್, ಮೂರು ಫಂಕ್ಷನ್ ಸಾಕು. ಒಂದು ವೇರಿಯಬಲ್ ಈಗಿನ ಸ್ಟೇಟ್. ಇನ್ನೊಂದು ಕೇಳುಗ ಫಂಕ್ಷನ್‌ಗಳನ್ನು ಇಡುವ ಸೆಟ್. ಮೊದಲ ಫಂಕ್ಷನ್ ಈಗಿನ ಸ್ಟೇಟನ್ನು ಹಿಂತಿರುಗಿಸುತ್ತದೆ. ಎರಡನೆಯದು ಸಬ್‌ಸ್ಕ್ರೈಬ್: ಬಂದ ಕೇಳುಗನನ್ನು ಸೆಟ್‌ಗೆ ಸೇರಿಸಿ, ಅದನ್ನು ತೆಗೆದುಹಾಕುವ ಫಂಕ್ಷನನ್ನು ಹಿಂತಿರುಗಿಸುತ್ತದೆ. ಮೂರನೆಯದು ಬದಲಾವಣೆ ಮಾಡುವಂಥದ್ದು: ಹೊಸ ಆಬ್ಜೆಕ್ಟ್ ಕಟ್ಟಿ ಸ್ಟೇಟ್‌ಗೆ ಹಾಕಿ, ಆಮೇಲೆ ಸೆಟ್‌ನಲ್ಲಿರುವ ಪ್ರತಿ ಕೇಳುಗನನ್ನೂ ಕರೆಯುತ್ತದೆ. ಈ ಕ್ರಮ ತಪ್ಪಬಾರದು. ಮೊದಲು ಕರೆದು ಆಮೇಲೆ ಬದಲಿಸಿದರೆ, ಕರೆ ಬಂದ ಕ್ಷಣದಲ್ಲಿ ರಿಯಾಕ್ಟ್ ಹೋಲಿಸಿ ನೋಡುವುದು ಹಳೆಯ ಸ್ಟೇಟನ್ನೇ. ಅದು ‘ಏನೂ ಬದಲಾಗಿಲ್ಲ’ ಎಂದು ಸುಮ್ಮನಾಗುತ್ತದೆ.

ಕಾಂಪೊನೆಂಟ್‌ನಲ್ಲಿ ಯೂಸ್‌ಸಿಂಕ್‌ಎಕ್ಸ್‌ಟರ್ನಲ್‌ಸ್ಟೋರ್ ಹುಕ್‌ಗೆ (ಹುಕ್ ಎಂದರೆ ಕಾಂಪೊನೆಂಟ್‌ನೊಳಗೆ ಕರೆಯುವ ರಿಯಾಕ್ಟ್‌ನ ವಿಶೇಷ ಫಂಕ್ಷನ್) ಸಬ್‌ಸ್ಕ್ರೈಬ್ ಮತ್ತು ಸ್ಟೇಟ್ ಓದುವ ಫಂಕ್ಷನ್‌ಗಳನ್ನು ಕೊಡಿ. 2022ರಲ್ಲಿ ಬಂದ ರಿಯಾಕ್ಟ್ 18ರಿಂದ ಈ ಹುಕ್ ಇದೆ. ಯೂಸ್‌ಎಫೆಕ್ಟ್ ಮತ್ತು ಯೂಸ್‌ಸ್ಟೇಟ್ ಸೇರಿಸಿ ಕೈಯಾರೆ ಬರೆದ ಚಂದಾದಾರಿಕೆಗಿಂತ ಇದು ವಾಸಿ. ಒಂದೇ ರೆಂಡರ್ ನಡೆಯುವಾಗ ಸ್ಟೋರ್ ಮಧ್ಯದಲ್ಲಿ ಬದಲಾದರೆ ಪರದೆಯ ಒಂದು ಭಾಗ ಹಳೆಯ ಮೌಲ್ಯ, ಇನ್ನೊಂದು ಭಾಗ ಹೊಸ ಮೌಲ್ಯ ತೋರಿಸುವ ಅಪಾಯವನ್ನು ಇದು ತಪ್ಪಿಸುತ್ತದೆ.

ಎಡವುವ ಜಾಗಗಳನ್ನೂ ಹೇಳಿಬಿಡುತ್ತೇವೆ. ಅರೇಗೆ ಪುಷ್ ಮಾಡಿ ಅದೇ ಅರೇಯನ್ನು ಮತ್ತೆ ಸ್ಟೇಟ್‌ಗೆ ಹಾಕಿದರೆ ಏನೂ ಆಗುವುದಿಲ್ಲ. ರಿಯಾಕ್ಟ್ ಹೋಲಿಸುವುದು ರೆಫರೆನ್ಸನ್ನು (ಇದು ಅದೇ ಆಬ್ಜೆಕ್ಟೇ ಎಂಬುದನ್ನು), ಒಳಗಿನ ಸಾಮಾನನ್ನಲ್ಲ. ಹಳೆಯದನ್ನು ಸ್ಪ್ರೆಡ್ ಮಾಡಿ (ಒಳಗಿನದನ್ನೆಲ್ಲ ನಕಲಿಸಿ) ಹೊಸ ಅರೇ ಕಟ್ಟಲೇಬೇಕು. ಇದರ ತಿರುಗುಮುರುಗು ತಪ್ಪೂ ಇದೆ: ಸ್ಟೇಟ್ ಓದುವ ಫಂಕ್ಷನ್ ಪ್ರತಿ ಸಲ ಹೊಸ ಆಬ್ಜೆಕ್ಟ್ ಕಟ್ಟಿ ಕೊಟ್ಟರೆ ಪ್ರತಿ ಸಲವೂ ‘ಬದಲಾಗಿದೆ’ ಎಂದೇ ಲೆಕ್ಕವಾಗಿ ರೆಂಡರ್ ಕೊನೆಯಿಲ್ಲದೆ ಸುತ್ತುತ್ತದೆ. ಡೆವಲಪ್‌ಮೆಂಟ್ ಮೋಡ್‌ನಲ್ಲಿ ‘ಗೆಟ್‌ಸ್ನ್ಯಾಪ್‌ಶಾಟ್‌ನ ಫಲಿತಾಂಶವನ್ನು ಕ್ಯಾಶ್ ಮಾಡಿ’ ಎಂಬ ಅರ್ಥದ ಎಚ್ಚರಿಕೆ ಕಂಡರೆ ಕಾರಣ ಇದೇ (ಗೆಟ್‌ಸ್ನ್ಯಾಪ್‌ಶಾಟ್ ಎಂದರೆ ಈ ಓದುವ ಫಂಕ್ಷನ್ನೇ). ಸಬ್‌ಸ್ಕ್ರೈಬ್ ಫಂಕ್ಷನನ್ನು ಕಾಂಪೊನೆಂಟ್‌ನ ಹೊರಗೆ ಬರೆಯಿರಿ. ಒಳಗೆ ಬರೆದರೆ ಪ್ರತಿ ರೆಂಡರ್‌ಗೂ ಅದು ಹೊಸ ಫಂಕ್ಷನ್ ಆಗುತ್ತದೆ, ರಿಯಾಕ್ಟ್ ಹಳೆಯ ಚಂದಾ ಬಿಟ್ಟು ಹೊಸದು ಕಟ್ಟುತ್ತಲೇ ಇರುತ್ತದೆ. ಸರ್ವರ್‌ನಲ್ಲೂ ರೆಂಡರ್ ಮಾಡುವ ಆ್ಯಪ್ ಆದರೆ ಮೂರನೆಯ ಆರ್ಗ್ಯುಮೆಂಟ್ ಆಗಿ ಸರ್ವರ್‌ಗೆ ಬೇಕಾದ ಆರಂಭಿಕ ಮೌಲ್ಯ ಕೊಡುವ ಫಂಕ್ಷನ್ ಕೊಡಿ. ಕೊಡದಿದ್ದರೆ ಅಲ್ಲಿ ಎರರ್ ಬರುತ್ತದೆ.

ಕೊನೆಗೆ, ಹೆಡರ್‌ಗೆ ಬೇಕಿರುವುದು ಎಣಿಕೆ ಮಾತ್ರ. ಓದುವ ಫಂಕ್ಷನ್‌ನಲ್ಲೇ ಕಾರ್ಟ್‌ನ ಉದ್ದವನ್ನು ಹಿಂತಿರುಗಿಸಿದರೆ, ಉದ್ದ ಬದಲಾದಾಗ ಮಾತ್ರ ಹೆಡರ್ ರೆಂಡರ್ ಆಗುತ್ತದೆ. ಐಟಂನ ಬಣ್ಣ, ಅಳತೆ ಬದಲಾದರೆ ಕರೆ ಬಂದರೂ ಅದು ರೆಂಡರ್ ಆಗುವುದಿಲ್ಲ. ಎಣಿಕೆಯನ್ನು ಬೇರೆ ಸ್ಟೇಟ್ ಆಗಿ ಇಡುವ ಆಸೆ ಬೇಡ. ಇಂದಲ್ಲ ನಾಳೆ ಎರಡರ ಲೆಕ್ಕ ತಾಳೆಯಾಗುವುದಿಲ್ಲ.

ಪ್ರಶ್ನೆ: ಬಳಕೆದಾರನ ಮಾಹಿತಿ, ಥೀಮ್, ಭಾಷೆ, ಹುಡುಕಾಟದ ಪದ ಎಲ್ಲವನ್ನೂ ಒಂದೇ ಕಾಂಟೆಕ್ಸ್ಟ್‌ನಲ್ಲಿ (ಮೇಲಿನಿಂದ ಒಳಗಿನ ಎಲ್ಲ ಕಾಂಪೊನೆಂಟ್‌ಗಳಿಗೂ ಮೌಲ್ಯ ತಲುಪಿಸುವ ರಿಯಾಕ್ಟ್ ಸೌಲಭ್ಯ) ಇಟ್ಟಿದ್ದೇವೆ. ಹುಡುಕುವ ಪೆಟ್ಟಿಗೆಯಲ್ಲಿ ಒಂದೊಂದು ಅಕ್ಷರ ಒತ್ತಿದಾಗಲೂ ಇಡೀ ಆ್ಯಪ್ ತಡವರಿಸುತ್ತದೆ. ಕಾಂಪೊನೆಂಟ್‌ಗಳಿಗೆಲ್ಲ ಮೆಮೊ ಹಾಕಿದ್ದೂ ಆಯಿತು, ಪ್ರಯೋಜನವಾಗಲಿಲ್ಲ. ಏಕೆ?

ಉತ್ತರ: ಮೆಮೊ ತಡೆಯುವುದು ಪೋಷಕ ಕಾಂಪೊನೆಂಟ್‌ನಿಂದ ಬರುವ ರೀ-ರೆಂಡರನ್ನು, ಅದೂ ಪ್ರಾಪ್ಸ್ (ಪೋಷಕ ಕೊಡುವ ಮೌಲ್ಯಗಳು) ಬದಲಾಗದಿದ್ದಾಗ. ಯೂಸ್‌ಕಾಂಟೆಕ್ಸ್ಟ್ ಕರೆದಿರುವ ಕಾಂಪೊನೆಂಟ್‌ಗೆ ಸುದ್ದಿ ನೇರವಾಗಿ ತಲುಪುತ್ತದೆ. ಮೆಮೊ ಅದರ ದಾರಿಗೆ ಅಡ್ಡ ಬರುವುದಿಲ್ಲ. ಜೊತೆಗೆ, ಕಾಂಟೆಕ್ಸ್ಟ್‌ನಲ್ಲಿ ‘ನನಗೆ ಥೀಮ್ ಮಾತ್ರ ಸಾಕು’ ಎಂದು ಹೇಳುವ ಸೌಲಭ್ಯವಿಲ್ಲ. ಮೌಲ್ಯದ ರೆಫರೆನ್ಸ್ ಬದಲಾದರೆ ಅದನ್ನು ಓದುವವರೆಲ್ಲ ರೆಂಡರ್ ಆಗಲೇಬೇಕು. ಹುಡುಕಾಟದ ಒಂದು ಅಕ್ಷರಕ್ಕೆ ಥೀಮ್ ಓದುವ ಪ್ರತಿ ಬಟನ್ ಕೂಡ ಎದ್ದು ಕೂರುತ್ತದೆ.

ಮೊದಲು ಅಳೆಯಿರಿ. ರಿಯಾಕ್ಟ್ ಡೆವ್‌ಟೂಲ್ಸ್‌ನ ಸೆಟ್ಟಿಂಗ್‌ನಲ್ಲಿ ರೆಂಡರ್ ಆದ ಕಾಂಪೊನೆಂಟ್‌ಗಳ ಸುತ್ತ ಚೌಕಟ್ಟು ಮೂಡಿಸುವ ಆಯ್ಕೆಯಿದೆ. ಅದನ್ನು ಹಾಕಿಕೊಂಡು ಒಂದೇ ಅಕ್ಷರ ಒತ್ತಿ. ಆಮೇಲೆ ಪ್ರೊಫೈಲರ್‌ನಲ್ಲಿ ರೆಕಾರ್ಡ್ ಮಾಡಿ, ಪ್ರತಿ ಕಾಂಪೊನೆಂಟ್ ಏಕೆ ರೆಂಡರ್ ಆಯಿತು ಎಂಬುದನ್ನು ದಾಖಲಿಸುವ ಆಯ್ಕೆಯನ್ನೂ ಆನ್ ಮಾಡಿ ನೋಡಿ. ಕಾರಣ ಕಾಂಟೆಕ್ಸ್ಟ್ ಎಂದೇ ಬಂದರೆ ಮುಂದಿನದನ್ನು ಮಾಡಿ.

ಹುಡುಕಾಟದ ಪದವನ್ನು ಮೊದಲು ಹೊರಗೆ ತೆಗೆಯಿರಿ. ಪೆಟ್ಟಿಗೆ ಮತ್ತು ಫಲಿತಾಂಶದ ಪಟ್ಟಿ ಎರಡಕ್ಕೇ ಅದು ಬೇಕಿದ್ದರೆ ಅವೆರಡರ ಹತ್ತಿರದ ಪೋಷಕನಲ್ಲಿ ಯೂಸ್‌ಸ್ಟೇಟ್ ಸಾಕು, ಅದನ್ನು ಗ್ಲೋಬಲ್ ಮಾಡುವ ಅಗತ್ಯವೇ ಇಲ್ಲ. ನಿಮ್ಮ ತಡವರಿಕೆಯ ಬಹುಪಾಲು ಇಷ್ಟಕ್ಕೇ ನಿಲ್ಲಬೇಕು. ಉಳಿದ ಬಳಕೆದಾರ, ಥೀಮ್, ಭಾಷೆಗಳಿಗೆ ಒಂದೊಂದು ಬೇರೆ ಕಾಂಟೆಕ್ಸ್ಟ್ ಮಾಡಿ. ಇವು ಅಪರೂಪಕ್ಕೆ ಬದಲಾಗುವಂಥವು, ಕಾಂಟೆಕ್ಸ್ಟ್ ಒಗ್ಗುವುದು ಇಂಥವಕ್ಕೇ.

ಪ್ರೊವೈಡರ್‌ಗೆ (ಕಾಂಟೆಕ್ಸ್ಟ್‌ನ ಮೌಲ್ಯ ಹಂಚುವ ಕಾಂಪೊನೆಂಟ್) ಕೊಡುವ ಮೌಲ್ಯವನ್ನು ಅಲ್ಲೇ ಬ್ರೇಸ್ ಹಾಕಿ ಆಬ್ಜೆಕ್ಟ್ ಆಗಿ ಬರೆದಿದ್ದೀರಾ ನೋಡಿ. ಹಾಗೆ ಬರೆದರೆ ಪ್ರೊವೈಡರ್ ಇರುವ ಕಾಂಪೊನೆಂಟ್ ಯಾವ ಕಾರಣಕ್ಕೆ ರೆಂಡರ್ ಆದರೂ ಹೊಸ ಆಬ್ಜೆಕ್ಟ್ ಹುಟ್ಟುತ್ತದೆ. ಯೂಸ್‌ಮೆಮೊದಲ್ಲಿ ಸುತ್ತಿ, ಅದರೊಳಗೆ ಹೋಗುವ ಫಂಕ್ಷನ್‌ಗಳನ್ನು ಯೂಸ್‌ಕಾಲ್‌ಬ್ಯಾಕ್‌ನಲ್ಲಿ ಸುತ್ತಿ. ಇನ್ನೂ ಒಳ್ಳೆಯದು, ಸ್ಟೇಟ್‌ಗೆ ಒಂದು ಕಾಂಟೆಕ್ಸ್ಟ್, ಯೂಸ್‌ರೆಡ್ಯೂಸರ್ ಕೊಡುವ ಡಿಸ್‌ಪ್ಯಾಚ್‌ಗೆ ಇನ್ನೊಂದು. ಡಿಸ್‌ಪ್ಯಾಚ್‌ನ ರೆಫರೆನ್ಸ್ ಎಂದೂ ಬದಲಾಗುವುದಿಲ್ಲವಾದ್ದರಿಂದ, ಬರೀ ಬದಲಾವಣೆ ಮಾಡುವ ಬಟನ್‌ಗಳು ಸ್ಟೇಟ್ ಬದಲಾದಾಗ ರೆಂಡರ್ ಆಗುವುದಿಲ್ಲ.

ಪ್ರೊವೈಡರನ್ನೂ ಅದರ ಸ್ಟೇಟನ್ನೂ ಒಂದು ಪ್ರತ್ಯೇಕ ಕಾಂಪೊನೆಂಟ್ ಮಾಡಿ, ಒಳಗಿನ ಮರವನ್ನು ಚಿಲ್ಡ್ರನ್ ಆಗಿ ಕೊಡಿ. ಚಿಲ್ಡ್ರನ್ ಬರುವುದು ಮೇಲಿನಿಂದ. ಪ್ರೊವೈಡರ್‌ನ ಸ್ಟೇಟ್ ಬದಲಾದಾಗ ಅದರ ರೆಫರೆನ್ಸ್ ಹಾಗೇ ಇರುತ್ತದೆ, ಕಾಂಟೆಕ್ಸ್ಟ್ ಓದದ ಕಾಂಪೊನೆಂಟ್‌ಗಳನ್ನು ರಿಯಾಕ್ಟ್ ದಾಟಿಕೊಂಡು ಹೋಗುತ್ತದೆ. ಮೆಮೊ ಒಂದೂ ಇಲ್ಲದೆ ಸಿಗುವ ಲಾಭ ಇದು. ಪದೇಪದೇ ಬದಲಾಗುವ, ಹಲವರು ತುಣುಕು ತುಣುಕಾಗಿ ಓದುವ ಸ್ಟೇಟ್ ನಿಮ್ಮಲ್ಲಿದ್ದರೆ ಮಾತ್ರ ಸೆಲೆಕ್ಟರ್ (ಸ್ಟೇಟ್‌ನಿಂದ ಬೇಕಾದ ತುಣುಕನ್ನು ಆರಿಸುವ ಫಂಕ್ಷನ್) ಇರುವ ಸ್ಟೋರ್ ಕಡೆಗೆ ಹೋಗಿ.

ಪ್ರಶ್ನೆ: ಝುಸ್ಟಾಂಡ್ (ರಿಯಾಕ್ಟ್‌ನ ಸ್ಟೋರ್ ಲೈಬ್ರರಿ) 4ರಿಂದ 5ಕ್ಕೆ ಬಂದ ಮೇಲೆ ‘ಮ್ಯಾಕ್ಸಿಮಮ್ ಅಪ್‌ಡೇಟ್ ಡೆಪ್ತ್ ಎಕ್ಸೀಡೆಡ್’ ಎಂದು ಆ್ಯಪ್ ನಿಂತುಹೋಗುತ್ತಿದೆ. ಕೋಡ್‌ನಲ್ಲಿ ಒಂದಕ್ಷರವೂ ಬದಲಿಸಿಲ್ಲ.

ಉತ್ತರ: ನಿಮ್ಮ ಸೆಲೆಕ್ಟರ್ ಪ್ರತಿ ಸಲ ಹೊಸ ಆಬ್ಜೆಕ್ಟ್ ಅಥವಾ ಅರೇ ಕೊಡುತ್ತಿದೆ. 4ರಲ್ಲಿ ಇದು ಅನಗತ್ಯ ರೆಂಡರ್ ಆಗಿ ಸದ್ದಿಲ್ಲದೆ ಕಳೆದುಹೋಗುತ್ತಿತ್ತು. 5 ರಿಯಾಕ್ಟ್‌ನ ಮೂಲ ಹುಕ್ಕನ್ನೇ ನೇರವಾಗಿ ಬಳಸುವುದರಿಂದ ಮೊದಲ ಉತ್ತರದಲ್ಲಿ ಹೇಳಿದ ಕೊನೆಯಿಲ್ಲದ ಸುತ್ತು ಶುರುವಾಗುತ್ತದೆ.

ಎರಡು ಮೂರು ಫೀಲ್ಡ್ ಬೇಕಿದ್ದರೆ ಹುಕ್ಕನ್ನು ಎರಡು ಮೂರು ಸಲ ಕರೆದು ಒಂದೊಂದೇ ಫೀಲ್ಡ್ ತೆಗೆದುಕೊಳ್ಳಿ. ಒಟ್ಟಿಗೇ ಬೇಕೆಂದರೆ ಸೆಲೆಕ್ಟರನ್ನು ಯೂಸ್‌ಶ್ಯಾಲೋದಲ್ಲಿ ಸುತ್ತಿ. ಅದು ಮೇಲ್ಪದರದ ಫೀಲ್ಡ್‌ಗಳನ್ನು ಒಂದೊಂದಾಗಿ ಹೋಲಿಸಿ, ಎಲ್ಲವೂ ಅವೇ ಆಗಿದ್ದರೆ ಹಳೆಯ ಆಬ್ಜೆಕ್ಟನ್ನೇ ಹಿಂತಿರುಗಿಸುತ್ತದೆ. ಇದರ ಮಿತಿಯೂ ಗೊತ್ತಿರಲಿ. ಸೆಲೆಕ್ಟರ್‌ನಲ್ಲಿ ಫಿಲ್ಟರ್ ಬಳಸಿದರೆ ಯೂಸ್‌ಶ್ಯಾಲೋ ಸಾಕು, ಏಕೆಂದರೆ ಅರೇ ಹೊಸದಾದರೂ ಒಳಗಿನ ಆಬ್ಜೆಕ್ಟ್‌ಗಳು ಹಳೆಯವೇ. ಮ್ಯಾಪ್ ಬಳಸಿ ಪ್ರತಿ ಐಟಂಗೂ ಹೊಸ ಆಬ್ಜೆಕ್ಟ್ ಕಟ್ಟಿದರೆ ಅದು ಕೈಕೊಡುತ್ತದೆ. ಅಂಥ ಕಡೆ ಮೂಲ ಅರೇಯನ್ನಷ್ಟೇ ಸೆಲೆಕ್ಟ್ ಮಾಡಿ, ಮ್ಯಾಪನ್ನು ಕಾಂಪೊನೆಂಟ್‌ನೊಳಗೆ ಯೂಸ್‌ಮೆಮೊದಲ್ಲಿ ಮಾಡಿ.

ಗುಟ್ಟಾಗಿ ಅಡಗುವ ಇನ್ನೊಂದು ರೂಪವಿದೆ. ಮೌಲ್ಯ ಇಲ್ಲದಿದ್ದಾಗ ಖಾಲಿ ಅರೇ ಕೊಡಲಿ ಎಂದು ಸೆಲೆಕ್ಟರ್‌ನ ಕೊನೆಯಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ ಮತ್ತು ಖಾಲಿ ಬ್ರಾಕೆಟ್ ಹಾಕಿರುತ್ತಾರೆ. ಆ ಖಾಲಿ ಅರೇ ಕೂಡ ಪ್ರತಿ ಸಲ ಹೊಸದೇ. ಡೇಟಾ ಬಂದಿರುವಾಗ ಎಲ್ಲ ಸರಿ, ಡೇಟಾ ಇಲ್ಲದ ಹೊಸ ಬಳಕೆದಾರನಿಗೆ ಮಾತ್ರ ಆ್ಯಪ್ ಕುಸಿಯುತ್ತದೆ. ಫೈಲ್‌ನ ಮೇಲ್ಭಾಗದಲ್ಲಿ ಒಂದು ಖಾಲಿ ಅರೇ ಕಾನ್‌ಸ್ಟಂಟ್ ಇಟ್ಟು ಅದನ್ನೇ ಎಲ್ಲೆಡೆ ಬಳಸಿ.

ಪ್ರಶ್ನೆ: ವ್ಯೂ 3ರಲ್ಲಿ ಪಿನಿಯಾ (ವ್ಯೂನ ಸ್ಟೋರ್ ಲೈಬ್ರರಿ) ಸ್ಟೋರ್‌ನಿಂದ ಹೆಸರು, ಅಂಕ ಎರಡನ್ನೂ ಡಿಸ್ಟ್ರಕ್ಚರ್ ಮಾಡಿಕೊಂಡೆ (ಬಿಡಿ ವೇರಿಯಬಲ್‌ಗಳಾಗಿ ತೆಗೆದುಕೊಂಡೆ). ಮೊದಲ ಸಲ ಸರಿಯಾಗಿ ಕಾಣುತ್ತದೆ, ಆಮೇಲೆ ಬದಲಾಗುವುದೇ ಇಲ್ಲ. ಆಕ್ಷನ್‌ಗಳು ಮಾತ್ರ ಕೆಲಸ ಮಾಡುತ್ತವೆ.

ಉತ್ತರ: ವ್ಯೂ 3ರ ರಿಯಾಕ್ಟಿವಿಟಿ (ಬದಲಾವಣೆಯನ್ನು ತಾನೇ ಗಮನಿಸುವ ಗುಣ) ಪ್ರಾಕ್ಸಿಯ (ಆಬ್ಜೆಕ್ಟ್‌ನ ಓದು-ಬರಹವನ್ನು ನಡುವೆ ನಿಂತು ಗಮನಿಸುವ ಹೊದಿಕೆಯ) ಮೇಲೆ ನಿಂತಿದೆ. ನೀವು ಸ್ಟೋರ್‌ನ ಹೆಸರು ಬರೆದು ಚುಕ್ಕಿ ಇಟ್ಟು ಫೀಲ್ಡ್ ಓದಿದ ಕ್ಷಣದಲ್ಲಿ ‘ಈ ಕಾಂಪೊನೆಂಟ್ ಈ ಫೀಲ್ಡನ್ನು ಓದಿತು’ ಎಂದು ಪ್ರಾಕ್ಸಿ ಬರೆದಿಟ್ಟುಕೊಳ್ಳುತ್ತದೆ. ಡಿಸ್ಟ್ರಕ್ಚರ್ ಮಾಡಿದಾಗ ಆ ಓದು ಸೆಟಪ್‌ನಲ್ಲಿ ಒಂದೇ ಸಲ ನಡೆದು, ಕೈಗೆ ಬಂದದ್ದು ಬರೀ ಸಂಖ್ಯೆ ಅಥವಾ ಪದ. ಗಡಿಯಾರದ ಫೋಟೊ ತೆಗೆದುಕೊಂಡು ಗಂಟೆ ನೋಡಿದ ಹಾಗೆ.

ಸ್ಟೇಟ್ ಮತ್ತು ಗೆಟರ್‌ಗಳನ್ನು ಸ್ಟೋರ್‌ಟುರೆಫ್ಸ್ ಮೂಲಕ ತೆಗೆಯಿರಿ. ಪ್ರತಿಯೊಂದೂ ಸ್ಟೋರ್‌ಗೆ ಕಟ್ಟಿಕೊಂಡ ರೆಫ್ (ಮೌಲ್ಯ ಹೊತ್ತ ವ್ಯೂನ ರಿಯಾಕ್ಟಿವ್ ಪೆಟ್ಟಿಗೆ) ಆಗಿ ಬರುತ್ತದೆ. ಸ್ಕ್ರಿಪ್ಟ್‌ನಲ್ಲಿ ಅದನ್ನು ಓದಲು ವ್ಯಾಲ್ಯೂ ಪ್ರಾಪರ್ಟಿ ಬೇಕು, ಟೆಂಪ್ಲೇಟ್‌ನಲ್ಲಿ ಬೇಡ. ಆಕ್ಷನ್‌ಗಳನ್ನು ನೇರವಾಗಿ ಸ್ಟೋರ್‌ನಿಂದಲೇ ಡಿಸ್ಟ್ರಕ್ಚರ್ ಮಾಡಬಹುದು. ಅವು ಬರೀ ಫಂಕ್ಷನ್‌ಗಳು, ಸ್ಟೋರ್‌ಟುರೆಫ್ಸ್ ಅವನ್ನು ಕೊಡುವುದೂ ಇಲ್ಲ.

ಪಿನಿಯಾ ಇಲ್ಲದೆ ಸ್ವಂತ ಕಾಂಪೋಸಬಲ್ (ಸ್ಟೇಟ್ ಹೊತ್ತ, ಮರುಬಳಕೆಯ ಫಂಕ್ಷನ್) ಬರೆಯುವವರಿಗೆ ಒಂದು ಮಾತು: ರೆಫನ್ನು ಫಂಕ್ಷನ್‌ನ ಹೊರಗೆ, ಫೈಲ್ ಮಟ್ಟದಲ್ಲಿ ಬರೆದರೆ ಎಲ್ಲರಿಗೂ ಒಂದೇ. ಒಳಗೆ ಬರೆದರೆ ಕರೆದವರಿಗೆಲ್ಲ ಒಂದೊಂದು. ‘ಹಂಚಿಕೆ ಆಗುತ್ತಿಲ್ಲ’ ಎಂದು ಬಂದ ಇನ್ನೆರಡು ಪತ್ರಗಳಿಗೂ ಇದೇ ಉತ್ತರ.

ಪ್ರಶ್ನೆ: ಸ್ವೆಲ್ಟ್ 5ರಲ್ಲಿ ಹಂಚಿಕೆಗೆಂದು ಒಂದು ಫೈಲ್‌ನಲ್ಲಿ ಸ್ಟೇಟ್ ರೂನ್ (ಸ್ಟೇಟ್ ಘೋಷಿಸುವ ಸ್ವೆಲ್ಟ್‌ನ ವಿಶೇಷ ಚಿಹ್ನೆ) ಬಳಸಿ ಕೌಂಟರ್ ಎಕ್ಸ್‌ಪೋರ್ಟ್ ಮಾಡಿದೆ. ಕಂಪೈಲರ್ ಒಪ್ಪುತ್ತಿಲ್ಲ.

ಉತ್ತರ: ಫೈಲ್‌ನ ಹೆಸರು ‘ಡಾಟ್ ಸ್ವೆಲ್ಟ್ ಡಾಟ್ ಜೆಎಸ್’ ಅಥವಾ ‘ಡಾಟ್ ಸ್ವೆಲ್ಟ್ ಡಾಟ್ ಟಿಎಸ್’ ಎಂದು ಮುಗಿಯಬೇಕು. ಬರೀ ಜೆಎಸ್ ಫೈಲ್‌ನಲ್ಲಿ ರೂನ್‌ಗಳು ಕೆಲಸ ಮಾಡುವುದಿಲ್ಲ. ಅದು ಸರಿಯಿದ್ದೂ ತಕರಾರು ಬಂದರೆ, ನೀವು ಎಕ್ಸ್‌ಪೋರ್ಟ್ ಮಾಡಿದ ವೇರಿಯಬಲ್‌ಗೆ ಮತ್ತೆ ಹೊಸ ಮೌಲ್ಯ ಹಾಕುತ್ತಿದ್ದೀರಿ. ಸ್ವೆಲ್ಟ್ ಕಂಪೈಲರ್ ಒಂದು ಸಲಕ್ಕೆ ಒಂದೇ ಫೈಲ್ ನೋಡುತ್ತದೆ. ಇಂಪೋರ್ಟ್ ಮಾಡಿಕೊಂಡ ಫೈಲ್‌ನಲ್ಲಿ ಆ ಹೆಸರು ರಿಯಾಕ್ಟಿವ್ ಎಂದು ಅದಕ್ಕೆ ತಿಳಿಯುವ ದಾರಿಯಿಲ್ಲ, ಹಾಗಾಗಿ ಮೊದಲೇ ತಡೆಯುತ್ತದೆ.

ಸಂಖ್ಯೆಯ ಬದಲು ಒಂದು ಆಬ್ಜೆಕ್ಟನ್ನು ಎಕ್ಸ್‌ಪೋರ್ಟ್ ಮಾಡಿ, ಅದರ ಫೀಲ್ಡನ್ನು ಬದಲಿಸಿ. ಅಥವಾ ವೇರಿಯಬಲನ್ನು ಒಳಗೇ ಇಟ್ಟುಕೊಂಡು, ಓದುವ ಗೆಟರ್ ಮತ್ತು ಬದಲಿಸುವ ಫಂಕ್ಷನ್‌ಗಳನ್ನು ಮಾತ್ರ ಹೊರಗೆ ಕೊಡಿ. ನಾವು ಎರಡನೆಯದನ್ನೇ ಮೆಚ್ಚುತ್ತೇವೆ: ಸ್ಟೇಟನ್ನು ಯಾರು ಯಾರು ಬದಲಿಸಬಹುದು ಎನ್ನುವುದು ಒಂದೇ ಫೈಲ್ ಓದಿದರೆ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮದು ಸರ್ವರ್‌ನಲ್ಲಿ ರೆಂಡರ್ ಆಗುವ ಆ್ಯಪ್. ಒಬ್ಬರು ಲಾಗಿನ್ ಆದಾಗ ಹೆಡರ್‌ನಲ್ಲಿ ಕ್ಷಣಕಾಲ ಇನ್ನೊಬ್ಬ ಬಳಕೆದಾರನ ಹೆಸರು ಕಾಣಿಸಿತು ಎಂದು ದೂರು ಬಂದಿದೆ. ನಮ್ಮ ಕಂಪ್ಯೂಟರ್‌ಗಳಲ್ಲಿ ಎಷ್ಟು ಪ್ರಯತ್ನಿಸಿದರೂ ಹಾಗಾಗುತ್ತಿಲ್ಲ. ನಿರ್ಲಕ್ಷಿಸಬಹುದೇ?

ಉತ್ತರ: ದಯವಿಟ್ಟು ನಿರ್ಲಕ್ಷಿಸಬೇಡಿ. ಇಂದೇ ನೋಡಿ. ಒಬ್ಬರ ಹೆಸರು ಇನ್ನೊಬ್ಬರಿಗೆ ಕಂಡಿದೆ ಎಂದರೆ ಅದೇ ದಾರಿಯಲ್ಲಿ ವಿಳಾಸ, ಆರ್ಡರ್, ಟೋಕನ್ ಕೂಡ ಹೋಗಿರಬಹುದು.

ಬ್ರೌಸರ್‌ನಲ್ಲಿ ಫೈಲ್ ಮಟ್ಟದ ಸ್ಟೋರ್ ಒಂದು ಟ್ಯಾಬ್‌ಗೆ, ಅಂದರೆ ಒಬ್ಬರಿಗೆ ಸೀಮಿತ. ಸರ್ವರ್‌ನಲ್ಲಿ ಅದೇ ಫೈಲ್ ಪ್ರೊಸೆಸ್ ಶುರುವಾದಾಗ ಒಂದು ಸಲ ಲೋಡ್ ಆಗಿ, ಆ ಪ್ರೊಸೆಸ್‌ಗೆ ಬರುವ ಎಲ್ಲ ರಿಕ್ವೆಸ್ಟ್‌ಗಳಿಗೂ ಉಳಿಯುತ್ತದೆ. ಮೊದಲ ರಿಕ್ವೆಸ್ಟ್ ಸ್ಟೋರ್‌ಗೆ ಬಳಕೆದಾರನನ್ನು ಬರೆದು, ಡೇಟಾಬೇಸ್‌ಗಾಗಿ ಅವೇಟ್‌ನಲ್ಲಿ ಕಾಯುತ್ತದೆ. ಆ ಸಂದಿನಲ್ಲಿ ಎರಡನೆಯ ರಿಕ್ವೆಸ್ಟ್ ಬಂದು ಅದೇ ಸ್ಟೋರ್ ಮೇಲೆ ತನ್ನ ಬಳಕೆದಾರನನ್ನು ಬರೆಯುತ್ತದೆ. ಮೊದಲನೆಯದು ಎಚ್ಚೆತ್ತು ರೆಂಡರ್ ಮಾಡುವಾಗ ಅಲ್ಲಿರುವುದು ಎರಡನೆಯವರ ಹೆಸರು. ಒಬ್ಬರೇ ಕೂತು ಪರೀಕ್ಷಿಸಿದರೆ ಈ ಸಂದು ಎಂದೂ ಸಿಗುವುದಿಲ್ಲ, ನಿಮ್ಮಲ್ಲಿ ಆಗದಿರುವುದಕ್ಕೆ ಕಾರಣ ಅದು. ಡೇಟಾ ತರುವ ಫಂಕ್ಷನ್‌ನಲ್ಲಿ ಬೇಕೆಂದೇ ಎರಡು ಸೆಕೆಂಡ್ ತಡ ಹಾಕಿ, ಬೇರೆ ಬೇರೆ ಕುಕೀ ಇರುವ ಎರಡು ರಿಕ್ವೆಸ್ಟ್‌ಗಳನ್ನು ಅರ್ಧ ಸೆಕೆಂಡ್ ಅಂತರದಲ್ಲಿ ಕಳಿಸಿ, ಬಂದ ಎಚ್‌ಟಿಎಂಎಲ್ ಹೋಲಿಸಿ. ಆಗ ಕಾಣುತ್ತದೆ.

ಪರಿಹಾರ ಒಂದೇ: ಪ್ರತಿ ರಿಕ್ವೆಸ್ಟ್‌ಗೂ ಹೊಸ ಸ್ಟೋರ್. ಸ್ಟೋರನ್ನು ನೇರವಾಗಿ ಎಕ್ಸ್‌ಪೋರ್ಟ್ ಮಾಡುವ ಬದಲು, ಸ್ಟೋರ್ ಕಟ್ಟಿಕೊಡುವ ಫಂಕ್ಷನನ್ನು ಎಕ್ಸ್‌ಪೋರ್ಟ್ ಮಾಡಿ. ರಿಯಾಕ್ಟ್‌ನಲ್ಲಿ ಪ್ರೊವೈಡರ್ ಕಾಂಪೊನೆಂಟ್‌ನ ಯೂಸ್‌ಸ್ಟೇಟ್‌ಗೆ ಆ ಫಂಕ್ಷನನ್ನು ಆರಂಭಿಕ ಮೌಲ್ಯವಾಗಿ ಕೊಟ್ಟು ಸ್ಟೋರ್ ಕಟ್ಟಿ, ಕಾಂಟೆಕ್ಸ್ಟ್ ಮೂಲಕ ಕೆಳಗೆ ಕಳಿಸಿ. ಇಲ್ಲಿ ಕಾಂಟೆಕ್ಸ್ಟ್‌ನಲ್ಲಿ ಹೋಗುವುದು ಸ್ಟೋರ್‌ನ ರೆಫರೆನ್ಸ್ ಮಾತ್ರ, ಅದು ಬದಲಾಗುವುದೇ ಇಲ್ಲ. ಹಾಗಾಗಿ ಎರಡನೆಯ ಉತ್ತರದ ರೆಂಡರ್ ಸಮಸ್ಯೆ ಇಲ್ಲಿ ಬರುವುದಿಲ್ಲ. ವ್ಯೂನಲ್ಲಿ ಪ್ರತಿ ರಿಕ್ವೆಸ್ಟ್‌ಗೂ ಆ್ಯಪ್ ಮತ್ತು ಪಿನಿಯಾ ಎರಡನ್ನೂ ಹೊಸದಾಗಿ ಸೃಷ್ಟಿಸಿ. ನಕ್ಸ್ಟ್ (ವ್ಯೂ ಮೇಲೆ ಕಟ್ಟಿದ ಫ್ರೇಮ್‌ವರ್ಕ್) ಬಳಸುವವರು ಫೈಲ್ ಮಟ್ಟದ ರೆಫ್ ಬಿಟ್ಟು ಅದರದೇ ಯೂಸ್‌ಸ್ಟೇಟ್ ಬಳಸಬೇಕು.

ಸರ್ವರ್‌ನ ಸ್ಟೇಟನ್ನು ಬ್ರೌಸರ್‌ಗೆ ದಾಟಿಸಲು ಕೆಲವರು ಜೇಸನ್ ಸ್ಟ್ರಿಂಗಿಫೈ ಫಲಿತಾಂಶವನ್ನು ಸ್ಕ್ರಿಪ್ಟ್ ಟ್ಯಾಗ್‌ನೊಳಗೆ ಹಾಗೇ ಸುರಿಯುತ್ತಾರೆ. ಬಳಕೆದಾರ ತನ್ನ ಹೆಸರಿನಲ್ಲಿ ಸ್ಕ್ರಿಪ್ಟ್ ಮುಚ್ಚುವ ಟ್ಯಾಗ್ ಬರೆದಿಟ್ಟರೆ ಅಲ್ಲಿಂದಾಚೆಗೆ ಅವನ ಕೋಡ್ ಓಡುತ್ತದೆ. ‘ಲೆಸ್ ದ್ಯಾನ್’ ಚಿಹ್ನೆಯನ್ನು ಅದರ ಯುನಿಕೋಡ್ ಎಸ್ಕೇಪ್ ರೂಪಕ್ಕೆ ಬದಲಿಸಿಯೇ ಹಾಕಿ.

ಇಷ್ಟೆಲ್ಲ ಸರಿಯಿದ್ದೂ ದೂರು ನಿಲ್ಲದಿದ್ದರೆ ಸ್ಟೋರ್ ಬಿಟ್ಟು ಸಿಡಿಎನ್ (ಪುಟಗಳ ಪ್ರತಿಯನ್ನು ಬಳಕೆದಾರರ ಹತ್ತಿರವಿಟ್ಟು ಕೊಡುವ ಜಾಲ) ನೋಡಿ. ಲಾಗಿನ್ ಆದವರ ಪುಟವನ್ನು ಅದು ಕ್ಯಾಶ್ ಮಾಡಿ ಎಲ್ಲರಿಗೂ ಕೊಡುತ್ತಿದ್ದರೆ ಲಕ್ಷಣ ಥೇಟ್ ಇದೇ. ಅಂಥ ಪುಟಗಳ ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ ‘ನೋ-ಸ್ಟೋರ್’ ಅಥವಾ ಕನಿಷ್ಠ ‘ಪ್ರೈವೇಟ್’ ಇರಬೇಕು.

ಪ್ರಶ್ನೆ: ಒಂದು ಟ್ಯಾಬ್‌ನಲ್ಲಿ ಲಾಗ್‌ಔಟ್ ಆದರೆ ಉಳಿದ ಟ್ಯಾಬ್‌ಗಳಲ್ಲೂ ಆಗಬೇಕು. ಲೋಕಲ್‌ಸ್ಟೋರೇಜ್‌ನ ಸ್ಟೋರೇಜ್ ಇವೆಂಟ್ ಕೇಳಿಸಿಕೊಂಡರೆ ಬದಲಾವಣೆ ಮಾಡಿದ ಟ್ಯಾಬ್‌ನಲ್ಲಿ ಏನೂ ಬರುವುದಿಲ್ಲವಲ್ಲ?

ಉತ್ತರ: ಅದು ಇರುವುದೇ ಹಾಗೆ. ಬದಲಾವಣೆ ಮಾಡಿದ ಟ್ಯಾಬ್ ಬಿಟ್ಟು, ಅದೇ ಒರಿಜಿನ್‌ನ (ಪ್ರೋಟೊಕಾಲ್, ಡೊಮೈನ್, ಪೋರ್ಟ್ ಮೂರೂ ಒಂದೇ ಆದ ತಾಣದ) ಉಳಿದ ಟ್ಯಾಬ್‌ಗಳಿಗೆ ಮಾತ್ರ ಇವೆಂಟ್ ಹೋಗುತ್ತದೆ. ಆದ್ದರಿಂದ ಲಾಗ್‌ಔಟ್ ಫಂಕ್ಷನ್ ಮೊದಲು ತನ್ನ ಸ್ಟೋರನ್ನು ನೇರವಾಗಿ ಬದಲಿಸಿ, ಆಮೇಲೆ ಲೋಕಲ್‌ಸ್ಟೋರೇಜ್‌ಗೆ ಬರೆಯಲಿ. ಯಾರಾದರೂ ಕ್ಲಿಯರ್ ಕರೆದು ಎಲ್ಲ ಅಳಿಸಿದರೆ ಇವೆಂಟ್‌ನ ಕೀ ನಲ್ ಆಗಿ ಬರುತ್ತದೆ. ಬರೀ ನಿಮ್ಮ ಕೀಯನ್ನೇ ಹುಡುಕುವ ಕೋಡ್ ಅದನ್ನು ಕೈಬಿಡುತ್ತದೆ.

ಸುದ್ದಿ ಮುಟ್ಟಿಸುವುದಷ್ಟೇ ಉದ್ದೇಶವಾದರೆ ಬ್ರಾಡ್‌ಕಾಸ್ಟ್‌ಚಾನೆಲ್ ಹೆಚ್ಚು ಚೊಕ್ಕ. ಸಂದೇಶ ಬಂದಾಗ ಸ್ಟೋರ್ ಬದಲಿಸುವ ದಾರಿ ಬೇರೆ, ಬಳಕೆದಾರ ಒತ್ತಿದಾಗ ಬದಲಿಸುವ ದಾರಿ ಬೇರೆ ಇರಲಿ. ಎರಡಕ್ಕೂ ಒಂದೇ ಫಂಕ್ಷನ್ ಇಟ್ಟು ಅದರಲ್ಲೇ ಸಂದೇಶವನ್ನೂ ಕಳಿಸಿದರೆ ಎರಡು ಟ್ಯಾಬ್‌ಗಳು ಒಂದಕ್ಕೊಂದು ಉತ್ತರಿಸುತ್ತ ನಿಲ್ಲದೆ ಕೂಗಾಡುತ್ತವೆ.

ಪ್ರಶ್ನೆ: ಝುಸ್ಟಾಂಡ್‌ನ ಪರ್ಸಿಸ್ಟ್ ಬಳಸಿ ಸೆಟ್ಟಿಂಗ್‌ಗಳನ್ನು ಬ್ರೌಸರ್‌ನಲ್ಲಿ ಉಳಿಸುತ್ತೇವೆ. ಹೊಸ ಆವೃತ್ತಿ ಬಿಟ್ಟ ಮೇಲೆ ಹಳೆಯ ಬಳಕೆದಾರರಿಗೆ ಮಾತ್ರ ‘ಅನ್‌ಡಿಫೈನ್ಡ್’ ಎರರ್ ಬರುತ್ತಿದೆ.

ಉತ್ತರ: ಸೆಟ್ಟಿಂಗ್ ಎಂಬ ಆಬ್ಜೆಕ್ಟ್‌ನೊಳಗೆ ಹೊಸ ಫೀಲ್ಡ್ ಸೇರಿಸಿದ್ದೀರಿ, ಸರಿಯೇ? ಉಳಿಸಿದ ಸ್ಟೇಟನ್ನು ಆರಂಭಿಕ ಸ್ಟೇಟ್ ಜೊತೆ ಪರ್ಸಿಸ್ಟ್ ಮೇಲ್ಪದರದಲ್ಲಷ್ಟೇ ಬೆರೆಸುತ್ತದೆ. ಹಳೆಯ ಸೆಟ್ಟಿಂಗ್ ಆಬ್ಜೆಕ್ಟ್ ಇಡಿಯಾಗಿ ಹೊಸದರ ಜಾಗಕ್ಕೆ ಬಂದು ಕೂರುತ್ತದೆ, ಒಳಗಿನ ಹೊಸ ಫೀಲ್ಡ್ ಕಾಣೆಯಾಗುತ್ತದೆ. ಮರ್ಜ್ ಆಯ್ಕೆಯಲ್ಲಿ ಒಳಪದರಗಳನ್ನೂ ಬೆರೆಸುವ ಫಂಕ್ಷನ್ ಕೊಡಿ. ಆಕಾರವೇ ಬದಲಾದಾಗ ವರ್ಷನ್ ಸಂಖ್ಯೆ ಏರಿಸಿ, ಮೈಗ್ರೇಟ್ ಫಂಕ್ಷನ್ ಬರೆಯಿರಿ. ವರ್ಷನ್ ಮಾತ್ರ ಏರಿಸಿ ಮೈಗ್ರೇಟ್ ಬಿಟ್ಟರೆ ಉಳಿಸಿದ್ದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಪಾರ್ಶಿಯಲೈಸ್ ಆಯ್ಕೆ ಬಳಸಿ, ನಿಜಕ್ಕೂ ಉಳಿಯಬೇಕಾದ ಫೀಲ್ಡ್‌ಗಳನ್ನು ಮಾತ್ರ ಉಳಿಸಿ. ‘ಲೋಡ್ ಆಗುತ್ತಿದೆ’ ಎಂಬ ಧ್ವಜವೂ ಉಳಿದುಬಿಟ್ಟರೆ ಮರುದಿನ ಆ್ಯಪ್ ತೆರೆದವರಿಗೆ ತಿರುಗುವ ಚಕ್ರ ನಿಲ್ಲುವುದೇ ಇಲ್ಲ.

ಪ್ರಶ್ನೆ: ಸರ್ವರ್‌ನಿಂದ ಬಂದ ಪಟ್ಟಿಗಳನ್ನೂ ಗ್ಲೋಬಲ್ ಸ್ಟೋರ್‌ಗೇ ಹಾಕುವುದು ಸರಿಯೇ?

ಉತ್ತರ: ನಮ್ಮ ಸಲಹೆ, ಬೇಡ. ಆ ಪಟ್ಟಿಯ ಒಡೆಯ ಸರ್ವರ್, ನಿಮ್ಮಲ್ಲಿರುವುದು ಅದರ ಪ್ರತಿ. ಪ್ರತಿ ಹಳತಾಯಿತೇ, ಎರಡು ಕಾಂಪೊನೆಂಟ್‌ಗಳು ಒಟ್ಟಿಗೆ ಕೇಳಿದರೆ ಒಂದೇ ರಿಕ್ವೆಸ್ಟ್ ಹೋಗಬೇಕೇ, ವಿಫಲವಾದರೆ ಮತ್ತೆ ಕೇಳಬೇಕೇ, ಇವನ್ನೆಲ್ಲ ಕೈಯಾರೆ ಬರೆಯಹೊರಟರೆ ಸ್ಟೋರ್‌ನ ಬಹುಪಾಲು ಇದರಲ್ಲೇ ತುಂಬಿಹೋಗುತ್ತದೆ. ಟ್ಯಾನ್‌ಸ್ಟ್ಯಾಕ್ ಕ್ವೆರಿಯಂಥ ಲೈಬ್ರರಿ ಇದಕ್ಕೆಂದೇ ಇದೆ. ಅದರಲ್ಲಿ ಸ್ಟೇಲ್‌ಟೈಮ್ ಡೀಫಾಲ್ಟ್ ಆಗಿ 0, ಅಂದರೆ ಬಂದ ಕೂಡಲೇ ಡೇಟಾ ಹಳತು. ಟ್ಯಾಬ್‌ಗೆ ಮರಳಿದಾಗಲೆಲ್ಲ ಮತ್ತೆ ರಿಕ್ವೆಸ್ಟ್ ಹೋಗುವುದನ್ನು ಕಂಡು ಗಾಬರಿಯಾಗಬೇಡಿ, ನಿಮ್ಮ ಡೇಟಾಗೆ ತಕ್ಕಂತೆ ಆ ಅವಧಿ ಏರಿಸಿ. ಯಾರೂ ಬಳಸದ ಡೇಟಾ 5 ನಿಮಿಷದ ನಂತರ ಕ್ಯಾಶ್‌ನಿಂದ ಹೋಗುತ್ತದೆ, ಅದು ಜಿಸಿಟೈಮ್. ಲಾಗ್‌ಔಟ್ ಆದಾಗ ಈ ಕ್ಯಾಶನ್ನೂ ಖಾಲಿ ಮಾಡುವುದನ್ನು ಮರೆಯಬೇಡಿ. ಪುಟ ಸಂಖ್ಯೆ, ಫಿಲ್ಟರ್, ತೆರೆದಿರುವ ಟ್ಯಾಬ್ ಮುಂತಾದವು ಯುಆರ್‌ಎಲ್‌ನಲ್ಲಿ ಇರಲಿ. ಲಿಂಕ್ ಕಳಿಸಿದರೆ ಇನ್ನೊಬ್ಬರಿಗೂ ಅದೇ ನೋಟ ಸಿಗುತ್ತದೆ.

ಪ್ರಶ್ನೆ: ಆ್ಯಂಗ್ಯುಲರ್‌ನಲ್ಲಿ ಸರ್ವೀಸ್‌ನೊಳಗೆ ಸಿಗ್ನಲ್ (ಬದಲಾದಾಗ ಓದುವವರಿಗೆ ತಿಳಿಸುವ ಮೌಲ್ಯದ ಪೆಟ್ಟಿಗೆ) ಇಟ್ಟು ಹಂಚುತ್ತಿದ್ದೇವೆ. ಅರೇಗೆ ಪುಷ್ ಮಾಡಿ ಸೆಟ್ ಕರೆದರೂ ಪರದೆ ಬದಲಾಗುತ್ತಿಲ್ಲ.

ಉತ್ತರ: ಅದೇ ರೆಫರೆನ್ಸ್ ಕಥೆ. ಅದೇ ಅರೇಯನ್ನು ಮತ್ತೆ ಸೆಟ್ ಮಾಡಿದರೆ ಸಿಗ್ನಲ್‌ಗೆ ಅದು ಬದಲಾವಣೆಯೇ ಅಲ್ಲ. ಅಪ್‌ಡೇಟ್ ಮೆಥಡ್‌ನಲ್ಲಿ ಹಳೆಯದನ್ನು ಸ್ಪ್ರೆಡ್ ಮಾಡಿ ಹೊಸ ಅರೇ ಹಿಂತಿರುಗಿಸಿ. ಮೊದಲಿದ್ದ ಮ್ಯುಟೇಟ್ ಮೆಥಡನ್ನು ಆವೃತ್ತಿ 17ರ ಹೊತ್ತಿಗೆ ತೆಗೆದುಹಾಕಿದ್ದಾರೆ, ಹಳೆಯ ಪಾಠಗಳನ್ನು ನೋಡಿ ಹುಡುಕಬೇಡಿ. ಬರೆಯಬಲ್ಲ ಸಿಗ್ನಲನ್ನು ಪ್ರೈವೇಟ್ ಆಗಿಟ್ಟು, ಆ್ಯಸ್‌ರೀಡ್‌ಓನ್ಲಿ ಮೂಲಕ ಹೊರಗೆ ಕೊಡಿ. ಎಣಿಕೆ, ಮೊತ್ತದಂಥವು ಕಂಪ್ಯೂಟೆಡ್ (ಬೇರೆ ಸಿಗ್ನಲ್‌ನಿಂದ ಲೆಕ್ಕವಾಗುವ ಮೌಲ್ಯ) ಆಗಲಿ, ಎಫೆಕ್ಟ್‌ನಲ್ಲಿ ಇನ್ನೊಂದು ಸಿಗ್ನಲ್‌ಗೆ ಬರೆಯುವ ಅಭ್ಯಾಸ ಬೇಡ.

ಪ್ರಶ್ನೆ: ಹಲವು ಪ್ಯಾಕೇಜ್‌ಗಳಿರುವ ರೆಪೊ (ಕೋಡ್ ಭಂಡಾರ) ನಮ್ಮದು. ಪ್ರೊವೈಡರ್ ಸುತ್ತಿಯೇ ಇದ್ದೇವೆ, ಆದರೂ ಹಂಚಿಕೆಯ ಪ್ಯಾಕೇಜ್‌ನ ಕಾಂಪೊನೆಂಟ್‌ಗೆ ಕಾಂಟೆಕ್ಸ್ಟ್‌ನ ಡೀಫಾಲ್ಟ್ ಮೌಲ್ಯವೇ ಸಿಗುತ್ತದೆ.

ಉತ್ತರ: ಕಾಂಟೆಕ್ಸ್ಟ್ ಸೃಷ್ಟಿಸುವ ಫೈಲ್ ಬಂಡಲ್‌ನಲ್ಲಿ ಎರಡು ಸಲ ಸೇರಿದೆ. ಪ್ರೊವೈಡರ್ ಒಂದು ಪ್ರತಿಯದು, ಓದುವವನು ಇನ್ನೊಂದು ಪ್ರತಿಯವನು. ಹೆಸರು ಒಂದೇ ಆದರೂ ಆಬ್ಜೆಕ್ಟ್‌ಗಳು ಬೇರೆ. ಆ ಫೈಲ್‌ನ ಮೇಲ್ಭಾಗದಲ್ಲಿ ಒಂದು ಕನ್ಸೋಲ್ ಲಾಗ್ ಹಾಕಿ. ಅದು ಎರಡು ಸಲ ಮೂಡಿದರೆ ರೋಗ ಸಿಕ್ಕಿತು. ಎನ್‌ಪಿಎಂ ಎಲ್ಎಸ್ ಆಜ್ಞೆಗೆ ಪ್ಯಾಕೇಜ್‌ನ ಹೆಸರು ಕೊಟ್ಟು ಎಷ್ಟು ಆವೃತ್ತಿಗಳು ಕೂತಿವೆ ನೋಡಿ. ಹಂಚಿಕೆಯ ಪ್ಯಾಕೇಜ್‌ಗಳಲ್ಲಿ ರಿಯಾಕ್ಟ್ ಮತ್ತು ಸ್ಟೋರ್ ಲೈಬ್ರರಿ ಪಿಯರ್ ಡಿಪೆಂಡೆನ್ಸಿ (ಪ್ಯಾಕೇಜ್ ತಾನು ಹೊತ್ತು ತರದೆ, ಬಳಸುವ ಆ್ಯಪ್ ಕೊಡುವ ಲೈಬ್ರರಿ) ಆಗಿರಬೇಕು. ವೀಟ್ (ಬಿಲ್ಡ್ ಸಾಧನ) ಬಳಸುವುದಾದರೆ ರಿಸಾಲ್ವ್ ಸೆಟ್ಟಿಂಗ್‌ನ ಡಿಡ್ಯೂಪ್ ಪಟ್ಟಿಗೆ ಆ ಹೆಸರುಗಳನ್ನು ಸೇರಿಸಿ. ಒಂದು ಕಡೆ ಪ್ಯಾಕೇಜ್ ಹೆಸರಿನಿಂದ, ಇನ್ನೊಂದು ಕಡೆ ರಿಲೇಟಿವ್ ಪಾತ್‌ನಿಂದ ಅದೇ ಫೈಲನ್ನು ಇಂಪೋರ್ಟ್ ಮಾಡಿದ್ದರೂ, ಒಂದು ದಾರಿ ಬಿಲ್ಡ್ ಆದ ಫೈಲ್‌ಗೆ, ಇನ್ನೊಂದು ಸೋರ್ಸ್‌ಗೆ ಹೋಗಿ ಇದೇ ಎಡವಟ್ಟಾಗುತ್ತದೆ. ಕಾಂಟೆಕ್ಸ್ಟ್‌ನ ಡೀಫಾಲ್ಟ್ ಮೌಲ್ಯವನ್ನು ನಲ್ ಮಾಡಿ, ಓದುವ ಹುಕ್‌ನಲ್ಲಿ ನಲ್ ಸಿಕ್ಕರೆ ಎರರ್ ಎಸೆಯಿರಿ. ಮುಂದಿನ ಸಲ ಸುಳ್ಳು ಮೌಲ್ಯದ ಬೆನ್ನು ಹತ್ತಿ ಅಲೆಯುವುದು ತಪ್ಪುತ್ತದೆ.

ಪ್ರಶ್ನೆ: ಟೆಸ್ಟ್‌ಗಳು ಒಂದೊಂದಾಗಿ ಓಡಿಸಿದರೆ ಪಾಸ್, ಒಟ್ಟಿಗೆ ಓಡಿಸಿದರೆ ಫೇಲ್. ಗ್ಲೋಬಲ್ ಸ್ಟೋರ್ ಕಾರಣವೇ?

ಉತ್ತರ: ಬಹುತೇಕ ಹೌದು. ಒಂದೇ ಫೈಲ್‌ನ ಟೆಸ್ಟ್‌ಗಳ ನಡುವೆ ಸ್ಟೋರ್ ಹಾಗೇ ಉಳಿಯುತ್ತದೆ. ಝುಸ್ಟಾಂಡ್ ಆದರೆ ಬಿಫೋರ್‌ಈಚ್‌ನಲ್ಲಿ ಗೆಟ್‌ಇನಿಶಿಯಲ್‌ಸ್ಟೇಟ್ ಕೊಟ್ಟದ್ದನ್ನು ಸೆಟ್‌ಸ್ಟೇಟ್‌ಗೆ ಹಾಕಿ, ಎರಡನೆಯ ಆರ್ಗ್ಯುಮೆಂಟ್ ಟ್ರೂ ಇರಲಿ. ಇಲ್ಲದಿದ್ದರೆ ಟೆಸ್ಟ್ ಸೇರಿಸಿದ ಹೆಚ್ಚುವರಿ ಫೀಲ್ಡ್‌ಗಳು ಉಳಿದುಕೊಳ್ಳುತ್ತವೆ. ಪಿನಿಯಾ ಆದರೆ ಪ್ರತಿ ಟೆಸ್ಟ್‌ಗೂ ಮುನ್ನ ಹೊಸ ಪಿನಿಯಾ ಸೃಷ್ಟಿಸಿ ಸೆಟ್‌ಆ್ಯಕ್ಟಿವ್‌ಪಿನಿಯಾಗೆ ಕೊಡಿ. ಪರ್ಸಿಸ್ಟ್ ಇದ್ದರೆ ಲೋಕಲ್‌ಸ್ಟೋರೇಜನ್ನೂ ಅಲ್ಲೇ ಕ್ಲಿಯರ್ ಮಾಡಿ.